ಕೆಂಪು ಮಣ್ಣಿನ ಮೇಲೆ ಒಂದಕ್ಕೆ ಎರಡು

ಮೇ ತಿಂಗಳು ಬಂತೆಂದರೆ, ಪ್ಯಾರಿಸ್‌ನ ಕೆಂಪು ಮಣ್ಣಿನ ಮೇಲೆ ಟೆನಿಸ್ ಶುರುವಾಗುವ ಹೊತ್ತಿಗೆ, ಈ ಅಂಕಣಕ್ಕೆ ಒಂದೇ ಪ್ರಶ್ನೆ ನಾನಾ ರೂಪದಲ್ಲಿ ಬರುತ್ತದೆ. ಫ್ರೆಂಚ್ ಓಪನ್ ಈ ಸಲ ಯಾರಿಗೆ ಸಾರ್? ಅದು ಗೊತ್ತಿದ್ದರೆ ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿಕೊಂಡು ಇರುತ್ತಿರಲಿಲ್ಲ. ಆದರೆ ಬೆಟ್ಟಿಂಗ್ ಕಂಪನಿಗಳು ಹಾಕುವ ಆಡ್ಸ್ ಅನ್ನು ಓದುವುದು ಹೇಗೆ ಅಂತ ಕೇಳಿದವರೂ ಜಾಸ್ತಿ ಇದ್ದಾರೆ. ಅವರಿಗೆ ಉತ್ತರ ಇದೆ.

ಪ್ರಶ್ನೆ: ಒಬ್ಬ ಆಟಗಾರನ ಮುಂದೆ 1.50, ಇನ್ನೊಬ್ಬನ ಮುಂದೆ 2.50 ಅಂತ ಬರೆದಿರುತ್ತಾರೆ. ಏನಿದು? ಗೆಲ್ಲುವ ಸಾಧ್ಯತೆಯಾ? (ದಾವಣಗೆರೆ)

ಇದೇ ಆಡ್ಸ್. ಸಾಧ್ಯತೆ ಅಲ್ಲ, ಬೆಲೆ. 2.50 ಅಂದರೆ ನೂರು ರೂಪಾಯಿ ಕಟ್ಟಿದವನಿಗೆ, ಅವನ ಆಟಗಾರ ಗೆದ್ದರೆ, ಕಟ್ಟಿದ ನೂರೂ ಸೇರಿ 250 ವಾಪಸ್ ಬರುತ್ತದೆ. ಸೋತರೆ ಏನೂ ಇಲ್ಲ. ನಮ್ಮ ಕಡೆ 'ಒಂದಕ್ಕೆ ಎರಡು' ಅಂತೀವಲ್ಲ, ಅದೇ ಥರ ಇದು ಒಂದಕ್ಕೆ ಎರಡೂವರೆ. ಬ್ರಿಟನ್ನಿನವರು ಇದನ್ನೇ ಭಿನ್ನರಾಶಿಯಲ್ಲಿ ಬರೆಯುತ್ತಾರೆ. ಅವರ 6/4 ಅಂದರೂ 2.50 ಅಂದರೂ ಒಂದೇ.

ಬೆಲೆಯಿಂದ ಸಾಧ್ಯತೆಗೆ ಹೋಗುವುದು ಸುಲಭ. 100 ಅನ್ನು ಆ ಅಂಕಿಯಿಂದ ಭಾಗಿಸಿ. 2.50ಕ್ಕೆ 40 ಬರುತ್ತದೆ. 1.50ಕ್ಕೆ 66.7. ಈಗ ಎರಡನ್ನೂ ಕೂಡಿಸಿ ನೋಡಿ. 106.7 ಆಯಿತು! ಇಬ್ಬರೇ ಆಡುವ ಪಂದ್ಯದಲ್ಲಿ ಯಾರಾದರೊಬ್ಬರು ಗೆಲ್ಲುವ ಸಾಧ್ಯತೆ ನೂರಕ್ಕೆ ನೂರೇ ಇರಬೇಕು, ಅಲ್ವಾ? ಮೇಲಿನ ಆ 6.7 ಅಂಗಡಿಯವನ, ಅಂದರೆ ಬೆಟ್ಟಿಂಗ್ ಕಂಪನಿಯ, ಪಾಲು. ತಕ್ಕಡಿಯ ಒಂದು ತಟ್ಟೆಗೆ ಹುಣಸೆಹಣ್ಣು ಮೆತ್ತಿಟ್ಟ ಹಾಗೆ. ಅದನ್ನು ಕೆರೆದು ತೆಗೆದರೆ ನಿಜವಾದ ಅಂದಾಜು 62.5 ಮತ್ತು 37.5. ಈ ಅಂಕಿಗಳು ಲೆಕ್ಕಕ್ಕೆ ಅಂತ ನಾನೇ ಇಟ್ಟುಕೊಂಡವು. ಆದರೆ ಯಾವ ಪಂದ್ಯದ ಆಡ್ಸ್ ತೆಗೆದುಕೊಂಡರೂ ಮೊತ್ತ ನೂರು ದಾಟಿಯೇ ಇರುತ್ತದೆ.

ಟೂರ್ನಿ ಪೂರ್ತಿ ಯಾರು ಗೆಲ್ಲುತ್ತಾರೆ ಅನ್ನುವ ಪಟ್ಟಿಯಲ್ಲಿ 128 ಹೆಸರು. ಅಲ್ಲಿ ಈ ಹುಣಸೆಹಣ್ಣು ಇನ್ನೂ ದಪ್ಪ. ಕೊನೆಯ ಹೆಸರುಗಳಿಗೆ ಒಂದಕ್ಕೆ ಇನ್ನೂರು, ಐನೂರು ಅಂತ ಹಾಕಿರುತ್ತಾರೆ. ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಆದರೆ ಆ ಹುಡುಗ ಗೆಲ್ಲುವ ನಿಜವಾದ ಸಾಧ್ಯತೆ ಐದು ಸಾವಿರಕ್ಕೊಂದು ಇರಬಹುದು. ಅಂಗಡಿಯವನಿಗೆ ಅತಿ ಹೆಚ್ಚು ಲಾಭ ಸಿಗುವುದು ಪಟ್ಟಿಯ ಆ ಬುಡದಲ್ಲೇ.

ಪ್ರಶ್ನೆ: 2025ರಲ್ಲಿ ಯಾನಿಕ್ ಸಿನ್ನರ್ ವಿಶ್ವದ ನಂಬರ್ ಒನ್. ಆದರೂ ಪ್ಯಾರಿಸ್‌ಗೆ ಫೇವರಿಟ್ ಅಂತ ಕಾರ್ಲೋಸ್ ಅಲ್ಕರಾಜ್ ಹೆಸರನ್ನು ಹೇಳುತ್ತಿದ್ದರು. ರ‍್ಯಾಂಕಿಂಗ್‌ಗೆ ಬೆಲೆ ಇಲ್ಲವೇ? (ಮೈಸೂರು)

ಇದೆ. ಆದರೆ ರ‍್ಯಾಂಕಿಂಗ್ ಹಿಂದಿನ 52 ವಾರಗಳ ಲೆಕ್ಕಪುಸ್ತಕ. ಹಾರ್ಡ್ ಕೋರ್ಟ್ (ಸಿಮೆಂಟಿನಂಥ ಗಟ್ಟಿ ನೆಲ), ಹುಲ್ಲು, ಮಣ್ಣು ಎಲ್ಲದರ ಅಂಕವೂ ಒಂದೇ ಚೀಲಕ್ಕೆ ಬೀಳುತ್ತದೆ. ಆಡ್ಸ್ ಹಾಕುವವನು ಕೇಳುವುದು ಬೇರೆ ಪ್ರಶ್ನೆ. ಈ ಎರಡು ವಾರ, ಈ ಮಣ್ಣಿನ ಮೇಲೆ, ಐದು ಸೆಟ್ ಆಡಿದರೆ ಏನಾಗುತ್ತದೆ?

ಆ ಮೇ ತಿಂಗಳ ಹೊತ್ತಿಗೆ ಸಿನ್ನರ್ ಗೆದ್ದಿದ್ದ ಮೂರು ಗ್ರ್ಯಾಂಡ್ ಸ್ಲಾಮ್‌ಗಳೂ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಿಗೆ ಹೇಳುವ ಹೆಸರು) ಹಾರ್ಡ್ ಕೋರ್ಟಿನವು. ಮೇಲಾಗಿ ಮೂರು ತಿಂಗಳ ನಿಷೇಧ ಮುಗಿಸಿ ರೋಮ್ ಟೂರ್ನಿಗೆ ಆಗಷ್ಟೇ ವಾಪಸ್ ಬಂದಿದ್ದರು. ಅಲ್ಲಿನ ಫೈನಲ್‌ನಲ್ಲಿ ಅವರನ್ನು ಸೋಲಿಸಿದ್ದು ಅಲ್ಕರಾಜ್. ಅದಕ್ಕೂ ಮುಂಚೆ ಮಾಂಟೆ ಕಾರ್ಲೋ ಕೂಡ ಅಲ್ಕರಾಜ್ ಪಾಲಾಗಿತ್ತು. 2024ರ ಫ್ರೆಂಚ್ ಓಪನ್ ಚಾಂಪಿಯನ್ ಕೂಡ ಅವರೇ. ಇಷ್ಟೆಲ್ಲ ಕಣ್ಣ ಮುಂದೆ ಇರುವಾಗ ನಂಬರ್ ಒನ್ ಅನ್ನುವ ಪದವಿ ಎಷ್ಟು ತೂಗುತ್ತದೆ ಹೇಳಿ.

ಆಮೇಲೆ ಏನಾಯಿತು ಅನ್ನುವುದೇ ಚೆನ್ನಾಗಿರುವುದು. ಫೈನಲ್‌ನಲ್ಲಿ ಸಿನ್ನರ್ ಮೊದಲ ಎರಡೂ ಸೆಟ್ ಗೆದ್ದರು. ನಾಲ್ಕನೇ ಸೆಟ್‌ನಲ್ಲಿ 5-3 ಮುಂದೆ, ಅಲ್ಕರಾಜ್ ಸರ್ವ್, ಸ್ಕೋರ್ 0-40. ಮೂರು ಚಾಂಪಿಯನ್‌ಶಿಪ್ ಪಾಯಿಂಟ್, ಅಂದರೆ ಮೂರರಲ್ಲಿ ಒಂದು ಗೆದ್ದರೂ ಕಪ್ ಸಿನ್ನರ್‌ದು. ಮೂರನ್ನೂ ಅಲ್ಕರಾಜ್ ಉಳಿಸಿಕೊಂಡರು. 5 ಗಂಟೆ 29 ನಿಮಿಷ ಆಡಿ, ಕೊನೆಯ ಟೈಬ್ರೇಕ್ (ಸೆಟ್ ಸಮ ಆದಾಗ ತೀರ್ಮಾನಕ್ಕೆ ಆಡುವ ಆಟ) 10-2ರಲ್ಲಿ ಗೆದ್ದರು. ರೋಲಾಂ ಗಾರೋಸ್, ಅಂದರೆ ಫ್ರೆಂಚ್ ಓಪನ್, ಕಂಡ ಅತಿ ಉದ್ದದ ಫೈನಲ್ ಅದು. ಇಡೀ ಪಂದ್ಯದ ಪಾಯಿಂಟ್ ಎಣಿಸಿದರೆ ಸಿನ್ನರ್‌ಗೆ 193, ಅಲ್ಕರಾಜ್‌ಗೆ 192. ಸೋತವನಿಗೇ ಒಂದು ಜಾಸ್ತಿ!

ಫೇವರಿಟ್ ಗೆದ್ದ, ಆಡ್ಸ್ ಸರಿಯಾಗಿತ್ತು ಅಂತ ಮರುದಿನ ಹೇಳಿದವರಿದ್ದರು. ಆ ಮೂರರಲ್ಲಿ ಒಂದು ಚೆಂಡು ಆಚೀಚೆ ಬಿದ್ದಿದ್ದರೆ ಅದೇ ಜನ ಆಡ್ಸ್ ತಪ್ಪು ಅಂತಿದ್ದರು. ಒಂದು ಫಲಿತಾಂಶ ಹಿಡಿದುಕೊಂಡು ಬೆಲೆ ಸರಿಯೋ ತಪ್ಪೋ ಹೇಳಲು ಬರುವುದಿಲ್ಲ.

ಪ್ರಶ್ನೆ: ಎಂಥ ದೊಡ್ಡ ಫೇವರಿಟ್ ಆದರೂ ಟೂರ್ನಿ ಗೆಲ್ಲಲು 2.00ರ ಆಸುಪಾಸಿನ ಆಡ್ಸ್ ಕೊಡುತ್ತಾರೆ. ಎಲ್ಲರನ್ನೂ ಸೋಲಿಸಬಲ್ಲವನಿಗೆ ಬರೀ ಅರ್ಧ ಸಾಧ್ಯತೆಯಾ? (ಕಲಬುರಗಿ)

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಕಪ್ ಎತ್ತಲು ಏಳು ಪಂದ್ಯ ಗೆಲ್ಲಬೇಕು. ಒಬ್ಬ ಆಟಗಾರ ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 90 ಅಂತ ಇಟ್ಟುಕೊಳ್ಳಿ. ತುಂಬಾ ದೊಡ್ಡ ಸಂಖ್ಯೆ ಅದು. ಏಳು ಸಲ 0.9 ಅನ್ನು 0.9ರಿಂದಲೇ ಗುಣಿಸುತ್ತಾ ಹೋದರೆ ಸಿಗುವುದು 0.48. ಅರ್ಧಕ್ಕಿಂತ ಕಮ್ಮಿ! ಪ್ರತಿ ಪಂದ್ಯಕ್ಕೆ 95 ಅಂತ ಇಟ್ಟರೂ ಕೊನೆಗೆ 70. ಪ್ರತಿ ಸುತ್ತೂ ಸ್ವಲ್ಪ ಸ್ವಲ್ಪ ಕಡಿಯುತ್ತದೆ. ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಕೊಡದಿಂದ ನೀರು ತುಳುಕುತ್ತದಲ್ಲ, ಹಾಗೆ.

ಇದು ಬರೀ ಪುಸ್ತಕದ ಲೆಕ್ಕ ಅಂತ ನಿಮಗೆ ಅನ್ನಿಸಬಹುದು. ಹಾಗಾದರೆ ರಫೆಲ್ ನಡಾಲ್ ಅವರನ್ನೇ ತೆಗೆದುಕೊಳ್ಳೋಣ. ಮಣ್ಣಿನ ಅಂಕಣದಲ್ಲಿ ಅವರಂಥವರು ಇನ್ನೊಬ್ಬರು ಇರಲಿಲ್ಲ. ಪ್ಯಾರಿಸ್‌ನಲ್ಲಿ ಅವರು ಆಡಿದ್ದು 116 ಪಂದ್ಯ, ಗೆದ್ದಿದ್ದು 112, ಸೋತಿದ್ದು ನಾಲ್ಕೇ ನಾಲ್ಕು. ಅಂದರೆ ನೂರಕ್ಕೆ 96.6. ಇದನ್ನು ಏಳು ಸಲ ಗುಣಿಸಿದರೆ ಸುಮಾರು 78 ಬರುತ್ತದೆ. ನಿಜಕ್ಕೂ ಏನಾಯಿತು? ಅವರು 19 ಸಲ ಅಲ್ಲಿ ಕಣಕ್ಕಿಳಿದು 14 ಸಲ ಕಪ್ ಎತ್ತಿದರು. ನೂರಕ್ಕೆ 74. ಕಾಗದದ ಲೆಕ್ಕಕ್ಕೂ ಮಣ್ಣಿನ ಲೆಕ್ಕಕ್ಕೂ ಅಂತರ ಅಷ್ಟೇ. ಅದರಲ್ಲೂ ಒಂದು ವರ್ಷ, 2016ರಲ್ಲಿ, ಯಾರೂ ಅವರನ್ನು ಸೋಲಿಸಲಿಲ್ಲ. ಮಣಿಕಟ್ಟಿನ ನೋವಿಗೆ ಟೂರ್ನಿ ಮಧ್ಯೆ ಅವರೇ ಹೊರಟರು. ನಡಾಲ್‌ಗೇ ಹೀಗಾದರೆ ಉಳಿದವರ ಕತೆ ನೀವೇ ಊಹಿಸಿ.

ಆ ನಾಲ್ಕು ಸೋಲಿನಲ್ಲಿ ಮೊದಲನೆಯದು 2009ರದು, ನಾಲ್ಕನೇ ಸುತ್ತಿನಲ್ಲಿ. ಸೋಲಿಸಿದ್ದು ಸ್ವೀಡನ್ನಿನ ರಾಬಿನ್ ಸೋಡರ್ಲಿಂಗ್. ಕೆಲವೇ ವಾರ ಮುಂಚೆ ರೋಮ್‌ನಲ್ಲಿ ಇದೇ ಸೋಡರ್ಲಿಂಗ್‌ರನ್ನು ನಡಾಲ್ 6-1, 6-0ರಲ್ಲಿ ಮುಗಿಸಿದ್ದರು. ಪ್ಯಾರಿಸ್‌ನಲ್ಲಿ ಅದುವರೆಗೆ ಆಡಿದ 31 ಪಂದ್ಯವನ್ನೂ ಗೆದ್ದಿದ್ದರು. ಆ ದಿನ ಸೋಡರ್ಲಿಂಗ್ ಮೇಲೆ ಬಾಜಿ ಕಟ್ಟಿದವನನ್ನು ಮನೆಯವರು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದರೇನೋ. ಇನ್ನೆರಡು ಸೋಲು ಜೊಕೊವಿಚ್ ಎದುರು, 2015 ಮತ್ತು 2021ರಲ್ಲಿ. ಕೊನೆಯದು 2024ರ ಮೊದಲ ಸುತ್ತಿನಲ್ಲಿ, ಜ್ವೆರೆವ್ ಎದುರು.

ಪ್ರಶ್ನೆ: ಮಹಿಳೆಯರ ವಿಭಾಗದಲ್ಲಿ ಫೇವರಿಟ್‌ಗಳು ಜಾಸ್ತಿ ಸೋಲುತ್ತಾರೆ ಅನ್ನುತ್ತಾರೆ. ನಿಜವೇ? (ಉಡುಪಿ)

ಕಾರಣ ಆಟಗಾರ್ತಿಯರಲ್ಲಿ ಇಲ್ಲ, ನಿಯಮದಲ್ಲಿದೆ. ಅಲ್ಲಿ ಮೂರು ಸೆಟ್‌ಗಳಲ್ಲಿ ಎರಡು ಗೆದ್ದರೆ ಸಾಕು. ಗಂಡಸರು ಐದರಲ್ಲಿ ಮೂರು ಗೆಲ್ಲಬೇಕು. ಆಟ ಉದ್ದವಾದಷ್ಟೂ ಬಲವಾದವರಿಗೆ ಲಾಭ. ಒಂದು ಸೆಟ್ ಗೆಲ್ಲುವ ಸಾಧ್ಯತೆ ನೂರಕ್ಕೆ 75 ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಮೂರು ಸೆಟ್ ಆಟದಲ್ಲಿ ಪಂದ್ಯ ಗೆಲ್ಲುವ ಸಾಧ್ಯತೆ 84 ಆಗುತ್ತದೆ, ಐದು ಸೆಟ್ ಆಟದಲ್ಲಿ 90. ಆರೇ ತಾನೇ ವ್ಯತ್ಯಾಸ ಅಂತೀರಾ? ಏಳು ಪಂದ್ಯ ಗುಣಿಸಿ ನೋಡಿ. ಕಪ್ ಗೆಲ್ಲುವ ಸಾಧ್ಯತೆ ಒಂದು ಕಡೆ 30, ಇನ್ನೊಂದು ಕಡೆ 47ರ ಹತ್ತಿರ. ಸಾಮರ್ಥ್ಯ ಅದೇ.

ಅದಕ್ಕೇ 2017ರಲ್ಲಿ ಶ್ರೇಯಾಂಕವೇ (ಟೂರ್ನಿಗೆ ಮುಂಚೆ ಬಲವಾದವರಿಗೆ ಕೊಡುವ ಸೀಡ್) ಇಲ್ಲದ ಓಸ್ಟಪೆಂಕೊ ಗೆದ್ದರು. 2020ರಲ್ಲಿ 54ನೇ ರ‍್ಯಾಂಕಿನ ಇಗಾ ಶ್ವಿಯಾಂಟೆಕ್ ಒಂದೂ ಸೆಟ್ ಸೋಲದೆ ಗೆದ್ದರು. ಮರುವರ್ಷ ಕ್ರೆಚಿಕೋವಾ, ಅವರಿಗೂ ಶ್ರೇಯಾಂಕ ಇರಲಿಲ್ಲ. ಆದರೆ ಅದೇ ಶ್ವಿಯಾಂಟೆಕ್ 2022ರಿಂದ 2024ರವರೆಗೆ ಸತತ ಮೂರು ಸಲ ಗೆದ್ದದ್ದನ್ನೂ ಮರೆಯಬೇಡಿ. 2025ರಲ್ಲಂತೂ ವೈಲ್ಡ್ ಕಾರ್ಡ್ (ಆಯೋಜಕರು ಆಹ್ವಾನಿಸಿ ಕೊಡುವ ಪ್ರವೇಶ) ಪಡೆದ ಫ್ರಾನ್ಸಿನ ಲೋಯಿಸ್ ಬೊಯ್ಸೊಂ ಸೆಮಿಫೈನಲ್‌ಗೆ ಬಂದರು. ಆಗ ಅವರ ರ‍್ಯಾಂಕ್ 361.

ಪ್ರಶ್ನೆ: ಡ್ರಾ (ಯಾರಿಗೆ ಯಾರು ಎದುರಾಗುತ್ತಾರೆ ಅನ್ನುವ ಪಟ್ಟಿ) ಪ್ರಕಟವಾದ ಕೂಡಲೇ ಆಡ್ಸ್ ಬದಲಾಗುತ್ತದೆ. ಯಾಕೆ? (ಬೆಂಗಳೂರು)

ದಾರಿ ಗೊತ್ತಾಯಿತಲ್ಲ, ಅದಕ್ಕೆ. ಮೊದಲ ಎರಡು ಶ್ರೇಯಾಂಕದವರು ಫೈನಲ್‌ಗಿಂತ ಮುಂಚೆ ಎದುರಾಗುವುದಿಲ್ಲ. ಆದರೆ 5ರಿಂದ 8ನೇ ಶ್ರೇಯಾಂಕದವರು ಯಾರ ಕ್ವಾರ್ಟರ್‌ಗೆ (ಡ್ರಾದ ಕಾಲು ಭಾಗಕ್ಕೆ) ಬೀಳುತ್ತಾರೆ ಅನ್ನುವುದು ಚೀಟಿ ಎತ್ತಿದ ಹಾಗೆ. 2022ರಲ್ಲಿ ನಡಾಲ್ ಐದನೇ ಶ್ರೇಯಾಂಕದವರು. ಒಂದನೇ ಶ್ರೇಯಾಂಕದ ಜೊಕೊವಿಚ್‌ಗೆ ಕ್ವಾರ್ಟರ್ ಫೈನಲ್‌ನಲ್ಲೇ ಅವರು ಸಿಕ್ಕರು. ಗೆದ್ದದ್ದು ನಡಾಲ್. ಇನ್ನು 2024ರಲ್ಲಿ ನಡಾಲ್‌ಗೆ ಶ್ರೇಯಾಂಕವೇ ಇರಲಿಲ್ಲ. ಮೊದಲ ಸುತ್ತಿಗೇ ನಾಲ್ಕನೇ ಶ್ರೇಯಾಂಕದ ಜ್ವೆರೆವ್ ಸಿಕ್ಕರು, ಅಲ್ಲಿಗೆ ಮುಗಿಯಿತು. ಇಂಥ ದೊಡ್ಡ ಹೆಸರುಗಳ ಮೇಲೆ ಅಭಿಮಾನಿಗಳು ಸುಮ್ನೆ ಪ್ರೀತಿಗೆ ದುಡ್ಡು ಹಾಕುತ್ತಾರೆ. ದುಡ್ಡು ಬಂದ ಕಡೆ ಕಂಪನಿ ಬೆಲೆ ಇಳಿಸುತ್ತದೆ. ಹಾಗಾಗಿ ಅಂಥವರ ಆಡ್ಸ್‌ನಲ್ಲಿ ಆಟ ಎಷ್ಟು, ಅಭಿಮಾನ ಎಷ್ಟು ಅಂತ ಬಿಡಿಸುವುದು ಕಷ್ಟ.

ಪ್ರಶ್ನೆ: ಹವಾಮಾನ ನೋಡಿ ಆಡ್ಸ್ ಊಹಿಸಬಹುದೇ? (ಶಿವಮೊಗ್ಗ)

ಸ್ವಲ್ಪ ಮಟ್ಟಿಗೆ. ಫ್ರೆಂಚ್ ಓಪನ್ ಆಡುವ ಅಂಕಣದ ಮೇಲಿನ ಕೆಂಪು ಇಟ್ಟಿಗೆ ಪುಡಿಯ ಪದರ ಒಂದೆರಡು ಮಿಲಿಮೀಟರ್ ಅಷ್ಟೇ. ಬಿಸಿಲಿದ್ದರೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ. ತೇವ ಇದ್ದರೆ ಭಾರವಾಗಿ ತಗ್ಗಿನಲ್ಲೇ ಉಳಿಯುತ್ತದೆ. ಆದರೆ ಹುಷಾರು. 2020ರಲ್ಲಿ ಕೊರೊನಾದಿಂದ ಟೂರ್ನಿ ಅಕ್ಟೋಬರ್‌ವರೆಗೆ ಹೋಯಿತು. ಚಳಿ, ಹೊಸ ಕಂಪನಿಯ ಚೆಂಡು, ಮುಚ್ಚಿದ ಛಾವಣಿ. ನಡಾಲ್‌ಗೆ ಇದು ಆಗಿಬರುವುದಿಲ್ಲ ಅಂತ ಪಂಡಿತರು ಹೇಳಿದರು. ನಾನೂ ಸ್ನೇಹಿತರ ಮುಂದೆ ಹಾಗೇ ಭಾಷಣ ಬಿಗಿದಿದ್ದೆ. ಫೈನಲ್‌ನಲ್ಲಿ ಅವರು ಜೊಕೊವಿಚ್ ಎದುರು ಮೊದಲ ಸೆಟ್ಟನ್ನೇ 6-0ರಲ್ಲಿ ಗೆದ್ದರು.

ಪ್ರಶ್ನೆ: ನಮ್ಮ ಕೊಡಗಿನ ರೋಹನ್ ಬೋಪಣ್ಣ ಗೆದ್ದಾಗ ಆಡ್ಸ್ ಹೇಗಿತ್ತು? (ಮಡಿಕೇರಿ)

ಆಡ್ಸ್ ಬಿಡಿ, ಆ ಫೈನಲ್ ನೆನಪಿಸಿಕೊಳ್ಳಿ. 2017ರ ಮಿಶ್ರ ಡಬಲ್ಸ್, ಜೊತೆಗೆ ಕೆನಡಾದ ಗೇಬ್ರಿಯೆಲಾ ಡಬ್ರೋಸ್ಕಿ. ಮೊದಲ ಸೆಟ್ 2-6 ಸೋತು, ಎರಡನೆಯದು 6-2 ಗೆದ್ದು, ಕೊನೆಯ ಟೈಬ್ರೇಕ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 12-10ರಲ್ಲಿ ಗೆದ್ದರು. ಮಿಶ್ರ ಡಬಲ್ಸ್‌ಗೆ ಕೂಡಿ ಆಡುವ ಜೋಡಿಗಳು ಎಷ್ಟೋ ಸಲ ಟೂರ್ನಿಗೆ ಸ್ವಲ್ಪ ಮುಂಚೆ ಆಗುವವು. ಹಳೆಯ ದಾಖಲೆಯೇ ಇಲ್ಲದ ಮೇಲೆ ಬೆಲೆ ಕಟ್ಟುವವನೂ ಕತ್ತಲಲ್ಲಿ ಕೈಯಾಡಿಸುತ್ತಿರುತ್ತಾನೆ.

ಪ್ರಶ್ನೆ: ನನ್ನ ತಮ್ಮ ಯಾವುದೋ ಆ್ಯಪ್‌ನಲ್ಲಿ ಐನೂರು ರೂಪಾಯಿ ಹಾಕೋಣ ಅನ್ನುತ್ತಾನೆ. ಹಾಕಬಹುದೇ? (ಹುಬ್ಬಳ್ಳಿ)

ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಬಗ್ಗೆ ಕಾಯ್ದೆ ಮಾಡಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ, ಕೌಶಲವೋ ಅದೃಷ್ಟವೋ ಅನ್ನುವ ಭೇದ ಇಲ್ಲದೆ, ಅದು ನಿಷೇಧ ಹಾಕಿದೆ. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಡುವುದೂ ಅಪರಾಧ. ಆಡುವವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ ಅಂತ ನಿಮ್ಮ ತಮ್ಮ ವಾದಿಸಬಹುದು. ಸರಿ, ಆದರೆ ಕದ್ದುಮುಚ್ಚಿ ನಡೆಯುವ ಆ್ಯಪ್ ಗೆದ್ದ ದುಡ್ಡು ಕೊಡದಿದ್ದರೆ ಯಾವ ಠಾಣೆಗೆ ಹೋಗುತ್ತಾನೆ ಅಂತ ಕೇಳಿ ನೋಡಿ.

ಪ್ರಶ್ನೆ: ಟೆಲಿಗ್ರಾಮ್‌ನಲ್ಲಿ ಒಬ್ಬರು ಸತತ ಐದು ಟೆನಿಸ್ ಪಂದ್ಯದ ಫಲಿತಾಂಶ ಮೊದಲೇ ಹೇಳಿದರು. ಐದೂ ಸರಿ ಬಂತು. ಆರನೆಯದಕ್ಕೆ ದುಡ್ಡು ಕೇಳುತ್ತಿದ್ದಾರೆ. ನಂಬಬಹುದೇ? (ಬಳ್ಳಾರಿ)

ಈ ಆಟ ಹೀಗೆ ನಡೆಯುತ್ತದೆ. ಅವನು ಮೊದಲು 1,600 ಜನರಿಗೆ ಮೆಸೇಜ್ ಕಳಿಸುತ್ತಾನೆ. ಅರ್ಧ ಜನಕ್ಕೆ ಈತ ಗೆಲ್ಲುತ್ತಾನೆ ಅಂತ, ಇನ್ನರ್ಧಕ್ಕೆ ಆತ ಗೆಲ್ಲುತ್ತಾನೆ ಅಂತ. ತಪ್ಪು ಉತ್ತರ ಹೋದ 800 ಜನರನ್ನು ಅಲ್ಲಿಗೇ ಬಿಡುತ್ತಾನೆ. ಉಳಿದ 800 ಜನಕ್ಕೆ ಮತ್ತೆ ಅದೇ ರೀತಿ. ಎರಡನೇ ಪಂದ್ಯದ ನಂತರ 400, ಆಮೇಲೆ 200, ಆಮೇಲೆ 100. ಐದನೆಯದು ಮುಗಿದಾಗ 50 ಜನರ ಫೋನಿನಲ್ಲಿ ಐದಕ್ಕೆ ಐದೂ ಸರಿ ಬಂದಿರುತ್ತದೆ. ಆ ಐವತ್ತರಲ್ಲಿ ನೀವೊಬ್ಬರು. ಉಳಿದ 1,550 ಜನ ನನಗೆ ಪತ್ರ ಬರೆದಿಲ್ಲ.