ತೋಳು ಕೂಡಿಸುವಲ್ಲಿ ನಿಂತವರು

ಸಲಹೆ ಕೇಳಿ ಬಂದವರ ವಯಸ್ಸು 26, ಹೊಲಿಗೆ ಕಲಿಯುತ್ತಿರುವವರು. ಗುರುತು ಸಿಗದಂತೆ ವಿವರ ಬದಲಿಸಿದೆ. 14 ತಿಂಗಳಲ್ಲಿ ಮೂರು ಕಡೆ ಸೇರಿ ಬಿಟ್ಟಿದ್ದರು. ರಾತ್ರಿ ನಿದ್ದೆಯಿಲ್ಲ, ಜೊತೆಗೆ ಕಲಿತವರು ಆಗಲೇ ಅಂಗಡಿ ಇಟ್ಟಿದ್ದಾರೆ. "ನನಗೆ ಈ ಕೆಲಸದ ಮೇಲೆ ಪ್ರೀತಿಯೇ ಇಲ್ಲವೇನೋ" ಎಂಬ ಅಳುಕು ಬೇರೆ.

ಖಿನ್ನತೆಯ ಲಕ್ಷಣಗಳನ್ನು ಮೊದಲು ವಿಚಾರಿಸಲಾಯಿತು, ಇರಲಿಲ್ಲ. ಕೈ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಾಗ ಗಂಟು ಸಿಕ್ಕಿತು. ತೋಳಿನ ಮೇಲಂಚು, ಅದನ್ನು ಕೂಡಿಸುವ ಅಂಗಿಯ ಕಂಕುಳಿನ ಸುತ್ತಳತೆಗಿಂತ ತುಸು ಉದ್ದವಿರುತ್ತದೆ. ಆ ಹೆಚ್ಚುವರಿಯನ್ನು ಸಮನಾಗಿ ಹಂಚದೆ ಎಳೆದು ಹೊಲಿದರೆ ಭುಜದ ಬಳಿ ಸುಕ್ಕು ಬೀಳುತ್ತದೆ, ಬಿಚ್ಚಬೇಕಾಗುತ್ತದೆ. ಮೂರೂ ಕಡೆ ಬಿಟ್ಟುಬಂದದ್ದು ಇದೇ ಹಂತದಲ್ಲಿ. ಇದನ್ನು ಹೇಳುತ್ತಲೇ ಕರವಸ್ತ್ರ ಮಡಚಿ, ಸುಕ್ಕು ಎಲ್ಲಿ ಹುಟ್ಟುತ್ತದೆಂದು ಹತ್ತು ನಿಮಿಷ ತೋರಿಸಿದರು. ಪ್ರೀತಿ ಇಲ್ಲದವರು ಅಷ್ಟು ಹೊತ್ತು ತೋರಿಸುವುದಿಲ್ಲ.

ಕೊಟ್ಟ ಸಲಹೆ: ಆರು ವಾರ ಜಾಗ ಬದಲಿಸಬಾರದು. ದಿನಕ್ಕೆ 40 ನಿಮಿಷ, ಹಳೆಯ ಬಟ್ಟೆಯ ಮೇಲೆ ತೋಳು ಕೂಡಿಸುವುದಷ್ಟೇ. ತೋಳಿನ ನಡುವನ್ನು ಭುಜದ ಹೊಲಿಗೆಗೆ ಸೇರಿಸಿ ಪಿನ್ ಹಾಕಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದ ಮೇಲೆಯೇ ಯಂತ್ರ. ಎರಡು ಸಲಕ್ಕಿಂತ ಹೆಚ್ಚು ಬಿಚ್ಚಬಾರದು. ಅಂಚಿನ ನೂಲೂ ಬಿಡುತ್ತದೆ, ಮನಸ್ಸೂ ಬಿಡುತ್ತದೆ. ನಂತರ ಪುಸ್ತಕದಲ್ಲಿ ಮೂರು ಸಾಲು: ಸುಕ್ಕು ಎಲ್ಲಿ, ಏಕೆ, ನಾಳೆ ಏನು ಬದಲಿಸಬೇಕು. ಖರ್ಚಿಗೆ ಜಿಪ್ ಬದಲಿಸುವ, ಉದ್ದ ಕಡಿಮೆ ಮಾಡುವ ಕೆಲಸ ನಡೆಯುತ್ತಿರಲಿ. ಕೈ ಖಾಲಿಯಿದ್ದರೆ ತಾಳ್ಮೆ ನಿಲ್ಲದು. ಮೊಬೈಲ್ ಮಲಗುವ ಕೋಣೆಯ ಹೊರಗೆ. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಿಂದ ಏಳುವುದು. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು.

ಯಾವುದೇ ಕೆಲಸದಲ್ಲಿ ನಿಪುಣರಾಗಲು 10,000 ಗಂಟೆ ದುಡಿದರೆ ಸಾಕಲ್ಲವೇ ಎಂದು ಕೇಳಿದರು. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರ 1993ರ ಅಧ್ಯಯನದಲ್ಲಿ ಅದು ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು 20ರ ವಯಸ್ಸಿಗೆ ಮಾಡಿದ್ದ ಅಭ್ಯಾಸದ ಸರಾಸರಿ, ದಾಟಿದೊಡನೆ ಪಾಸಾಗುವ ಗೆರೆಯಲ್ಲ.

ಎರಡನೇ ವಾರ ಎಡವಿದರು. ಪ್ರತಿ ತೋಳಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಕೊಳ್ಳತೊಡಗಿ, ಪುಸ್ತಕವೇ ಪರೀಕ್ಷೆಯಾಯಿತು. ರಜೆಯ ದಿನ ಮೂರು ಗಂಟೆ ಕೂತು, ಮುಂದಿನ ಎರಡು ದಿನ ಮುಟ್ಟಲಿಲ್ಲ. ಅಂಕ ತೆಗೆಸಿ, 40 ನಿಮಿಷಕ್ಕೆ ಗಡಿಯಾರ ಇಡಿಸಲಾಯಿತು.

ಒಂದು ಮಾತು ಬೇರೆಯಾಗಿ ಹೇಳಬೇಕಾಯಿತು: ತಿಂಗಳುಗಟ್ಟಲೆ ಗುಂಡಿ ಹಚ್ಚುವುದಕ್ಕಷ್ಟೇ ಕೂರಿಸಿ ಏನೂ ಕಲಿಸದ ಕಡೆ ಸಹಿಸಿಕೊಂಡಿರಬೇಕಿಲ್ಲ, ಅಲ್ಲಿಂದ ಹೊರಡುವುದೇ ಸರಿ.

ಆರನೇ ವಾರ ನಿದ್ದೆ ಸುಧಾರಿಸಿತ್ತು. ಗೆಳೆಯರ ಅಂಗಡಿಯ ಸಂಕಟ ಪೂರ್ತಿ ಹೋಗಿರಲಿಲ್ಲ. ಪುಸ್ತಕದಲ್ಲಿ ಭುಜದ ಸುಕ್ಕಿನ ಸುದ್ದಿ ಇರಲಿಲ್ಲ. ಮೂರು ಸಾಲೂ ಕಾಲರ್‌ನ ಎಡ ಮೂಲೆಯ ಬಗ್ಗೆ.