ಕ್ಯಾಂಪರ್ ವ್ಯಾನ್ ಡೆಲಿವರಿಗೆ ಮುಂಚೆ ಏನೇನು ನೋಡಬೇಕು? ಸರ್ವಿಸ್‌ನವರು ಸತಾಯಿಸಿದರೆ ಏನು ಮಾಡಬೇಕು?

ಫೋರ್ಸ್ ಟ್ರಾವೆಲರ್ ಚಾಸಿ ಮೇಲೆ ಕಟ್ಟಿದ ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ತಗೊಂಡು ಕುಮಟಾದಲ್ಲಿ ಇಟ್ಟುಕೊಳ್ಳುತ್ತೇನೆ ಎಂದಿದ್ದೀರಿ. ನಮ್ಮ ಕರಾವಳಿಯ ಮಳೆಗೆ ನಾನು ಮೊದಲು ಹೇಳುವುದು: ಕೊನೆಯ ಕಂತು ಕೊಡುವ ಮುಂಚೆ ಯಾರ್ಡಿನಲ್ಲೇ ನೀರು ಬಿಟ್ಟು ನೋಡಿ. ಇಂಜಿನ್ ಕೆಟ್ಟರೆ ಸರಿ ಮಾಡುವವರು ಊರೂರಿಗೆ ಸಿಗುತ್ತಾರೆ. ಗೋಡೆಯೊಳಗೆ ನೀರಿಳಿದು ಪ್ಲೈವುಡ್ ಕೊಳೆತರೆ ಪ್ಯಾನೆಲ್ ಬಿಚ್ಚದೆ ಗತಿಯಿಲ್ಲ.

ಪೈಪು ಹಿಡಿದು ಕೆಳಗಿನಿಂದ ಶುರುಮಾಡಿ. ಮೊದಲು ಬಾಗಿಲು, ಆಮೇಲೆ ಕಿಟಕಿ, ಕೊನೆಗೆ ಟಾಪ್ ಮೇಲಿನ ವೆಂಟ್, ಎಸಿ, ಸೋಲಾರ್ ಪ್ಯಾನೆಲಿನ ಸ್ಕ್ರೂಗಳು. ಒಂದೊಂದಕ್ಕೂ ಹತ್ತು ನಿಮಿಷ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆ ಇಳಿದು, ಸೋರಿದ್ದು ಯಾವ ಸಂದಿ ಎಂದೇ ತಿಳಿಯುವುದಿಲ್ಲ. ಒಳಗೊಬ್ಬರು ಟಾರ್ಚ್ ಹಿಡಿದು ಕಪಾಟಿನ ಮೂಲೆ, ಹಾಸಿಗೆಯ ಅಡಿ ನೋಡುತ್ತಿರಲಿ. ಪ್ರೆಶರ್ ವಾಷರ್ ಬೇಡ, ಒಳ್ಳೆಯ ಸೀಲನ್ನೂ ದಾಟಿಸಿಬಿಡುತ್ತದೆ. ಹಳೆ ಸಿಲಿಕಾನ್ ಮೇಲೆ ಹೊಸದನ್ನು ಬಳಿದಿದ್ದು ಕಂಡರೆ ಅದು ರಿಪೇರಿಯೇ ಅಲ್ಲ. ಸಿಲಿಕಾನ್ ಮೇಲೆ ಸಿಲಿಕಾನ್ ಸರಿಯಾಗಿ ಕಚ್ಚುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಒರೆಸಿ, ಒಣಗಿಸಿಯೇ ಹೊಸ ಸೀಲಂಟ್ ಹಾಕಬೇಕು.

ಫ್ರಿಜ್ ಓಡುತ್ತಿರುವಾಗ ಬ್ಯಾಟರಿಯ ಹತ್ತಿರ ಒಮ್ಮೆ, ಫ್ರಿಜ್ಜಿನ ಟರ್ಮಿನಲ್‌ನಲ್ಲಿ ಒಮ್ಮೆ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಇಳಿದಿದ್ದರೆ ವೈರ್ ತೆಳುವಾಗಿದೆ, ಇಲ್ಲವೇ ಉಪ್ಪುಗಾಳಿಗೆ ಜಾಯಿಂಟ್ ಹಸಿರುಗಟ್ಟಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಸಿಲಿಂಡರ್ ಪೆಟ್ಟಿಗೆಯ ತಳದಲ್ಲೇ ಹೊರಕ್ಕೆ ರಂಧ್ರ ಇರಲೇಬೇಕು. ನೀರಿನ ಟ್ಯಾಂಕ್ ತುಂಬಿಸಿ, ಕೂರುವವರೆಲ್ಲ ಕೂತು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಆರ್‌ಸಿಯಲ್ಲಿರುವ (ನೋಂದಣಿ ಪತ್ರ) ಒಟ್ಟು ತೂಕದ ಮಿತಿಗೆ ಹೋಲಿಸಿ. ನೂರು ಲೀಟರ್ ನೀರೇ ನೂರು ಕೆ.ಜಿ. ದೇವಿಮನೆ, ಅರಬೈಲ್ ಘಟ್ಟ ಇಳಿಯುವಾಗ ಹೆಚ್ಚಿನ ತೂಕವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆರ್‌ಸಿಯಲ್ಲಿ ಬಾಡಿ ಯಾವುದೆಂದು ಬರೆದಿದೆ, ಅದನ್ನೂ ಓದಿ. ಸೀಟಿನ ಗಾಡಿ ಎಂದೇ ಉಳಿದಿದ್ದರೆ ಬೇಡ. ದಾಖಲಾಗದ ಬದಲಾವಣೆ ಇದ್ದರೆ ಇನ್ಶೂರೆನ್ಸ್ ಕ್ಲೇಮಿನಲ್ಲೂ ತಕರಾರು ಬರುತ್ತದೆ.

ಸರ್ವಿಸ್‌ನಲ್ಲಿ ಸತಾಯಿಸುವುದಕ್ಕೆ ಮೂಲ ಕಾರಣ, ಈ ಗಾಡಿಗೆ ವಾರಂಟಿ ಕೊಡುವವರು ಒಬ್ಬರಲ್ಲ. ಚಾಸಿ, ಇಂಜಿನ್ ಕಂಪನಿಯದು. ಬಾಡಿ ಮತ್ತು ಸೋರಿಕೆ ಬಾಡಿ ಕಟ್ಟಿದವರದು. ಫ್ರಿಜ್, ಎಸಿ, ಇನ್ವರ್ಟರ್ ಆಯಾ ಕಂಪನಿಯದು. ಯಾವುದಕ್ಕೆ ಯಾರು, ಎಷ್ಟು ಕಾಲ ಎಂದು ಡೆಲಿವರಿ ದಿನವೇ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ.

ಜಾಬ್ ಕಾರ್ಡಿನಲ್ಲಿ (ಸರ್ವಿಸ್‌ನವರು ದೂರು ಬರೆದುಕೊಳ್ಳುವ ಚೀಟಿ) "ನೀರು ಸೋರುತ್ತದೆ" ಎಂದಷ್ಟೇ ಬರೆಯಲು ಬಿಡಬೇಡಿ. "ಎಡಗಡೆ ಹಿಂದಿನ ಕಿಟಕಿ, ಮೇಲಿನ ಮೂಲೆ, ನೀರು ಬಿಟ್ಟ ಐದು ನಿಮಿಷಕ್ಕೆ ಹನಿ" ಎಂದು ಬರೆಸಿ, ಕಿಲೋಮೀಟರ್, ತಾರೀಕು, ಸಹಿ ಹಾಕಿಸಿ ಪ್ರತಿ ತಗೊಳ್ಳಿ. ಅದೇ ದೋಷಕ್ಕೆ ಮತ್ತೆ ಹೋದರೆ ಹೊಸ ಕಾರ್ಡೇ ಮಾಡಿಸಿ. ಒಂದೇ ತೊಂದರೆ ಮರುಕಳಿಸಿತು ಎಂಬುದಕ್ಕೆ ಆ ಕಾಗದಗಳೇ ಸಾಕ್ಷಿ. "ಪಾರ್ಟ್ ಬರಬೇಕು" ಎಂದರೆ ಆರ್ಡರ್ ಹಾಕಿದ್ದಕ್ಕೆ ಬರಹ ಕೇಳಿ. ಓಡಿಸಲು ಅಪಾಯವಿಲ್ಲದಿದ್ದರೆ ಗಾಡಿ ಮನೆಗೆ ತಂದುಬಿಡಿ, ಅವರ ಬಯಲಲ್ಲಿ ಮಳೆಗೆ ನೆನೆಯುವುದು ಬೇಡ.

ಆಗಲೂ ಆಗದಿದ್ದರೆ ಡೀಲರಿಗೂ ಬಾಡಿ ಕಟ್ಟಿದವರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ತಕರಾರಿನ ಕಾರಣ ಹುಟ್ಟಿದಂದಿನಿಂದ 2 ವರ್ಷ ಅವಕಾಶವಿದೆ. ಅಲ್ಲಿಯವರೆಗೆ ಬೇರೆ ಕಡೆ ಪ್ಯಾನೆಲ್ ಬಿಚ್ಚಿಸಬೇಡಿ. ಬಿಚ್ಚಲೇಬೇಕಾದರೆ ಮೊದಲು ಅವರಿಗೆ ಬರೆದು ತಿಳಿಸಿ, ವಿಡಿಯೊ ಮಾಡಿ, ಕೊಳೆತ ತುಂಡನ್ನು ಎತ್ತಿಡಿ.