ಒಂದನ್ನು ತೆಗೆಯಹೋದರೆ ಇನ್ನೊಂದೂ ಹೊರಡುವುದೇಕೆ?

ಪ್ರಶ್ನೆ: ಡೆಬಿಯನ್ ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಬಳಸುತ್ತಿದ್ದೇನೆ. ಬೇಡವಾದ ರಿದಮ್‌ಬಾಕ್ಸ್ ತಂತ್ರಾಂಶವನ್ನು ತೆಗೆಯಲು ಹೊರಟಾಗ, ಅದರೊಂದಿಗೆ ‘ಗ್ನೋಮ್’ ಎಂಬ ಪ್ಯಾಕೇಜ್ ಕೂಡ ಹೋಗುವುದೆಂದು ಟರ್ಮಿನಲ್‌ನಲ್ಲಿ ಕಂಡು, ಹೆದರಿ ‘ಎನ್’ ಒತ್ತಿದೆ. ‘ವೈ’ ಒತ್ತಿದ್ದರೆ ಇಡೀ ಡೆಸ್ಕ್‌ಟಾಪ್ ಅಳಿಸಿಹೋಗುತ್ತಿತ್ತೇ?

ಉತ್ತರ: ಆ ಹಂತದಲ್ಲಿ ಹೋಗುತ್ತಿರಲಿಲ್ಲ, ಆದರೂ ನೀವು ತಡೆದು ಓದಿದ್ದು ಒಳ್ಳೆಯದೇ ಆಯಿತು. ‘ಗ್ನೋಮ್’ ಒಂದು ಮೆಟಾ-ಪ್ಯಾಕೇಜ್. ಅದರೊಳಗೆ ಓಡಿಸಬಹುದಾದ ತಂತ್ರಾಂಶ ಯಾವುದೂ ಇಲ್ಲ, ‘ಇವಿಷ್ಟೂ ಇರಲೇಬೇಕು’ ಎಂಬ ಅವಲಂಬನೆಗಳ ಪಟ್ಟಿಯಷ್ಟೇ ಇದೆ. ಪಟ್ಟಿಯಲ್ಲಿರುವ ರಿದಮ್‌ಬಾಕ್ಸ್ ಹೋದರೆ ಷರತ್ತು ಮುರಿಯುವುದರಿಂದ, ತಂತ್ರಾಂಶಗಳನ್ನು ಹಾಕುವ-ತೆಗೆಯುವ ಡೆಬಿಯನ್ ಸಾಧನವಾದ ಆಪ್ಟ್ ಆ ಪಟ್ಟಿಯನ್ನೂ ತೆಗೆಯುತ್ತದೆ. ಸಾಮಾನಿನ ಚೀಟಿ ಹರಿದ ಮಾತ್ರಕ್ಕೆ ಸಾಮಾನು ಕಳೆಯುವುದಿಲ್ಲವಷ್ಟೆ. ಉಬುಂಟುವಿನ ‘ಉಬುಂಟು-ಡೆಸ್ಕ್‌ಟಾಪ್’ ಎಂಬ ಮೆಟಾ-ಪ್ಯಾಕೇಜ್ ಇಂಥ ಹಲವನ್ನು ಕಡ್ಡಾಯವೆನ್ನದೆ ಕೇವಲ ಶಿಫಾರಸು ಮಾಡುವುದರಿಂದ ಅಲ್ಲಿ ಈ ಗಾಬರಿ ಕಡಿಮೆ.

ನಿಜವಾದ ಅಪಾಯ ಆಮೇಲಿನ ‘ಆಟೋರಿಮೂವ್’ ಆಜ್ಞೆಯಲ್ಲಿದೆ. ನೀವು ಹೆಸರಿಸಿ ಹಾಕಿಕೊಂಡದ್ದನ್ನು ‘ಮ್ಯಾನುಯಲ್’ ಎಂದೂ, ಅದರ ಬೆನ್ನಿಗೆ ತಾನಾಗಿ ಬಂದದ್ದನ್ನು ‘ಆಟೋ’ ಎಂದೂ ಆಪ್ಟ್ ಗುರುತಿಟ್ಟಿರುತ್ತದೆ. ಪಟ್ಟಿ ಇಲ್ಲವಾದ ಮೇಲೆ, ಬೇರಾವ ಪ್ಯಾಕೇಜಿಗೂ ಬೇಡವಾದ ‘ಆಟೋ’ಗಳು ಅನಾಥವೆನಿಸಿ, ಆ ಒಂದು ಆಜ್ಞೆಗೆ ಗುಡಿಸಿಹೋಗಬಹುದು. ಮೆಟಾ-ಪ್ಯಾಕೇಜ್ ವಿಭಾಗಕ್ಕೆ ಸೇರಿದವುಗಳ ಮಟ್ಟಿಗೆ ಇದನ್ನು ತಡೆಯುವ ಏರ್ಪಾಡು ಆಪ್ಟ್‌ನಲ್ಲಿದೆಯಾದರೂ, ಅದನ್ನೇ ನಂಬಿ ಕಣ್ಣುಮುಚ್ಚಿ ‘ವೈ’ ಒತ್ತುವುದು ನನಗೆ ಸರಿಕಾಣದು.

ಆದ್ದರಿಂದ ಮೊದಲು ‘ಆಪ್ಟ್ ರಿಮೂವ್’ಗೆ ‘ಸಿಮ್ಯುಲೇಟ್’ ಆಯ್ಕೆ ಸೇರಿಸಿ ಓಡಿಸಿ. ಏನೂ ಅಳಿಯದೆ, ಅಳಿಯಲಿರುವವುಗಳ ಹೆಸರುಗಳು ಸಾಲುಸಾಲಾಗಿ ಕಾಣುತ್ತವೆ. ಬಳಿಕ ‘ಆಪ್ಟ್-ಮಾರ್ಕ್ ಮ್ಯಾನುಯಲ್ ಗ್ನೋಮ್-ಕೋರ್’ ಎಂಬ ಆಜ್ಞೆ ಕೊಡಿ. ‘ಗ್ನೋಮ್-ಕೋರ್’ ಕೂಡ ಮೆಟಾ-ಪ್ಯಾಕೇಜೇ, ಆದರೆ ಚಿಕ್ಕದು. ಅದಕ್ಕೆ ‘ಮ್ಯಾನುಯಲ್’ ಗುರುತು ಬಿದ್ದರೆ ಡೆಸ್ಕ್‌ಟಾಪಿನ ಮುಖ್ಯ ಭಾಗಗಳು ಉಳಿಯುತ್ತವೆ. ಲಿಬ್ರೆಆಫೀಸ್‌ನಂಥವು ಬೇಕಿದ್ದರೆ ಅವಕ್ಕೂ ಇದೇ ಗುರುತು ಹಾಕಿ. ಇನ್ನು ರಿದಮ್‌ಬಾಕ್ಸನ್ನು ನಿಶ್ಚಿಂತೆಯಿಂದ ತೆಗೆಯಬಹುದು. ದೊಡ್ಡ ಪಟ್ಟಿ ಹೋದುದರಿಂದ ಆಗುವ ನಷ್ಟ ಇಷ್ಟೇ: ಮುಂದಿನ ಆವೃತ್ತಿಯಲ್ಲಿ ಅದಕ್ಕೆ ಹೊಸದಾಗಿ ಸೇರುವ ತಂತ್ರಾಂಶ ನಿಮ್ಮಲ್ಲಿಗೆ ತಾನಾಗಿ ಬರುವುದಿಲ್ಲ.

ಈ ಕ್ರಮ ಎಲ್ಲ ಬಗೆಯ ಲಿನಕ್ಸ್‌ಗಳಲ್ಲೂ ಒಂದೇ ಅಲ್ಲ. ಫೆಡೋರಾದಲ್ಲಿ ಆಪ್ಟ್‌ನ ಕೆಲಸ ಮಾಡುವ ಡಿಎನ್‌ಎಫ್ ಅನಾಥ ಅವಲಂಬನೆಗಳನ್ನು ಅದೇ ಏಟಿಗೆ ತೆಗೆಯುತ್ತದೆ. ಆರ್ಚ್‌ನ ಪ್ಯಾಕ್‌ಮ್ಯಾನ್, ಬೇರೊಂದು ಪ್ಯಾಕೇಜಿಗೆ ಬೇಕಾದದ್ದನ್ನು ತೆಗೆಯಲು ಸುಮ್ಮನೆ ಹೇಳಿದರೆ ಒಪ್ಪುವುದೇ ಇಲ್ಲ.

ಅಕಸ್ಮಾತ್ ಬೇಕಾದದ್ದೇ ಹೋಗಿಬಿಟ್ಟರೆ, ಆಪ್ಟ್‌ನ ‘ಹಿಸ್ಟರಿ’ ಲಾಗ್ ಕಡತವನ್ನು ತೆರೆಯಿರಿ. ಯಾವ ದಿನ, ಯಾವ ಆಜ್ಞೆಗೆ, ಯಾವ ಯಾವ ಪ್ಯಾಕೇಜ್ ಹೋಯಿತೆಂಬುದು ಅಲ್ಲಿರುತ್ತದೆ, ಅದನ್ನು ನೋಡಿ ಮತ್ತೆ ಹಾಕಿಕೊಳ್ಳಬಹುದು.